ಗೃಹಸ್ಥರ ರಾಜ್ಯವಿಚಾರ: ಗಾದಿಯು ಯಾರದು?

ಮಂತ್ರಿಮಂಡಲವು ಕಟ್ಟಲ್ಪಟ್ಟಿತೆಂದೂ, ಬಿದ್ದಿತೆಂದೂ, ಮರಳಿ ಕಟ್ಟಲ್ಪಟ್ಟಿತೆಂದೂ ವರ್ತಮಾನಪತ್ರಗಳಲ್ಲಿ ಓದುತ್ತೇವೆ. ಓದಿ, "ದೊಡ್ಡವರ ಆಟ, ನಮಗೇನು?" ಎಂದು ಪತ್ರವನ್ನು ಮಡಿಚಿಟ್ಟು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಆದರೆ ತನ್ನ ಹೊಲವನ್ನು ಪಾಲಿಗೆ ಕೊಟ್ಟ ಯಜಮಾನನು, ಪಾಲುಗಾರನು ಏನನ್ನು ಬಿತ್ತಿದನು, ರಾಶಿಯಲ್ಲಿ ಎಷ್ಟು ಅಳೆದನು ಎಂಬುದನ್ನು ಕೇಳದೆ ಸುಮ್ಮನಿರುವನೇ? ರಾಜ್ಯವೂ ನಾವು ಪಾಲಿಗೆ ಕೊಟ್ಟ ಹೊಲವೇ ಆಗಿದೆ. ಆದುದರಿಂದ ಸರಕಾರವು ಯಾವ ಆಧಾರದ ಮೇಲೆ ನಿಲ್ಲುತ್ತದೆ, ಯಾವುದು ತಪ್ಪಿದರೆ ಬೀಳುತ್ತದೆ, ಈ ಪದ್ಧತಿಯು ನಮ್ಮವರೆಗೆ ಹೇಗೆ ಬಂದಿತು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಇದಕ್ಕೆ ದೂರದ ಉದಾಹರಣೆಗಳನ್ನು ಹುಡುಕಬೇಕಾದುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿಯೇ ಪಾರ್ಲಿಮೆಂಟರಿ ರಾಜ್ಯಪದ್ಧತಿಯ ಮುಖ್ಯ ಅಂಗಗಳೆಲ್ಲವೂ ಕಾಣಸಿಗುತ್ತವೆ. ವಿಧಾನಸಭೆಯ ಅಧ್ಯಕ್ಷರನ್ನೂ ಮುಖ್ಯಮಂತ್ರಿಗಳನ್ನೂ ವಿರೋಧಪಕ್ಷದ ನಾಯಕರನ್ನೂ ಈ ಸೀಮೆಯು ಆರಿಸಿ ಕಳಿಸಿದೆ. ಮುಖ್ಯಮಂತ್ರಿಗಳಾಗಿದ್ದವರನ್ನು ಸೋಲಿಸಿಯೂ ಇದೆ.

ಸಭೆಯೆಂಬುದು ನಮಗೆ ಹೊಸ ಮಾತಲ್ಲ. ಹುನಗುಂದ ತಾಲೂಕಿನ ಐಹೊಳೆಯು 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಮೂಲಸ್ಥಾನವಾಗಿತ್ತು. ಆ ಹೆಸರಿನ ಸಂಘದ ಶಾಸನಗಳು ತಮಿಳುನಾಡಿನಲ್ಲಿಯೂ ಸಮುದ್ರದಾಚೆಯ ಸುಮಾತ್ರಾದಲ್ಲಿಯೂ ದೊರೆತಿವೆ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ, ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಯುವರಾಜ ವಿಕ್ರಮಾದಿತ್ಯನು ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು 'ಆಚಾರವ್ಯವಸ್ಥೆ'ಯನ್ನು ಮಾಡಿಕೊಟ್ಟನು. ರಾಜಪುರುಷರು ಊರವರೊಡನೆ ಹೇಗೆ ನಡೆದುಕೊಳ್ಳತಕ್ಕದ್ದು, ಊರವರು ಮನೆಯ ಅಂತಸ್ತಿಗೆ ತಕ್ಕಂತೆ ಎಷ್ಟು ತೆರಿಗೆ ಕೊಡತಕ್ಕದ್ದು ಎಂಬುದನ್ನು ಅಲ್ಲಿ ಕಲ್ಲಿನಲ್ಲಿ ಕಂಡರಿಸಿದ್ದಾರೆ. ಆಳುವವನ ನಡೆಗೂ ಒಂದು ಕಟ್ಟಳೆ ಉಂಟೆಂಬ ಮಾತನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು.

ಆದರೂ ಅಭಿಮಾನದ ಭರದಲ್ಲಿ ಇವನ್ನೇ ಪಾರ್ಲಿಮೆಂಟು ಎಂದು ಕರೆಯುವುದು ಸರಿಯಲ್ಲ. ಮಹಾಜನರು ಊರಿನ ಕಾರ್ಯವನ್ನೂ ಐನೂರ್ವರು ವ್ಯಾಪಾರವನ್ನೂ ನಡೆಯಿಸಿದರು; ಅರಸನ ಮಂತ್ರಿಯನ್ನು ಕರೆದು "ನಿಮ್ಮಲ್ಲಿ ನಮಗೆ ವಿಶ್ವಾಸವಿಲ್ಲ, ಪದವಿಯನ್ನು ಬಿಡಿರಿ" ಎನ್ನುವ ಅಧಿಕಾರವು ಅವರಿಗೆ ಇರಲಿಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಕುಲವೃತ್ತಿಗಳ ಭೇದವೆಣಿಸದೆ ಎಲ್ಲರಿಗೂ ಮಾತಿನ ಅವಕಾಶವಿದ್ದ ಶರಣರ ಗೋಷ್ಠಿಗೆ ಅವರು ಆಧಾರವಾಗಿದ್ದರು. ಆದರೆ ಅವರ ಮಂತ್ರಿಪದವಿಯು ಆ ಗೋಷ್ಠಿಯ ಒಪ್ಪಿಗೆಯನ್ನು ಅವಲಂಬಿಸಿರಲಿಲ್ಲ, ಅರಸನ ಪ್ರಸನ್ನತೆಯನ್ನು ಅವಲಂಬಿಸಿತ್ತು. ಮಂತ್ರಿಯು ಯಾರ ಪ್ರಸನ್ನತೆಯಿಂದ ಮಂತ್ರಿಯಾಗಿರುತ್ತಾನೆ ಎಂಬ ಪ್ರಶ್ನೆಯಲ್ಲಿಯೇ ಹಳೆಯ ರಾಜ್ಯಕ್ಕೂ ಹೊಸ ರಾಜ್ಯಕ್ಕೂ ಇರುವ ಅಂತರವೆಲ್ಲ ಅಡಗಿದೆ.

ಈ ಪ್ರಶ್ನೆಗೆ ಹೊಸ ಉತ್ತರವು ಮೊದಲು ರೂಪುಗೊಂಡುದು ಇಂಗ್ಲಂಡದಲ್ಲಿ. ಅದೂ ಒಂದು ದಿನದಲ್ಲಿ ಅಲ್ಲ, ಸುಮಾರು ಏಳುನೂರು ವರ್ಷಗಳಲ್ಲಿ. ೧೨೧೫ರಲ್ಲಿ ಅಲ್ಲಿಯ ಸರದಾರರು ಜಾನ್ ದೊರೆಯಿಂದ ಮಹಾಸನದು ಬರೆಯಿಸಿಕೊಂಡರು. ಕೆಲವು ತೆರಿಗೆಗಳಿಗೆ ರಾಜ್ಯದ ಮುಖ್ಯರ ಸಮ್ಮತಿ ಬೇಕೆಂಬುದು ಅದರೊಳಗಿನ ಒಂದು ಕರಾರು. ೧೨೯೫ರ ಸಭೆಗೆ ಸರದಾರರೊಡನೆ ಊರೂರಿನ ಪ್ರತಿನಿಧಿಗಳೂ ಬಂದರು. ದೊರೆಗೆ ಯುದ್ಧಕ್ಕಾಗಿ ಹಣ ಬೇಕು, ಹಣವು ಜನರ ಬಳಿಯಲ್ಲಿ. ಹಣ ಕೊಡುವವರು ಮೊದಲು ತಮ್ಮ ಅಹವಾಲನ್ನು ಕೇಳಿರೆಂದರು. ಪಾರ್ಲಿಮೆಂಟಿನ ಬಲವು ಈ ಬೇರಿನಿಂದಲೇ ಬೆಳೆದುದು.

೧೬೪೨ರ ಜನವರಿಯಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯು ಐವರು ಸದಸ್ಯರನ್ನು ಹಿಡಿಯಲು ಸಿಪಾಯಿಗಳೊಡನೆ ಕಾಮನ್ಸ್ ಸಭೆಗೆ ಬಂದನು. ಅವರು ಎಲ್ಲಿದ್ದಾರೆಂದು ಸಭಾಧ್ಯಕ್ಷ ಲೆಂಥಾಲನನ್ನು ಕೇಳಲು, ಅವನು ಮೊಣಕಾಲೂರಿ ನಮಿಸಿದನಾದರೂ, ಸಭೆಯು ಅಪ್ಪಣೆ ಕೊಟ್ಟುದನ್ನಲ್ಲದೆ ಬೇರೆ ಏನನ್ನೂ ತಾನು ಕಾಣಲಾರೆನು, ನುಡಿಯಲಾರೆನು ಎಂಬರ್ಥದ ಉತ್ತರವನ್ನು ಕೊಟ್ಟನು. ಅಧ್ಯಕ್ಷನು ದೊರೆಯ ಆಳಲ್ಲ, ಸಭೆಯ ಸೇವಕನು ಎಂಬ ಸಂಪ್ರದಾಯಕ್ಕೆ ಅಂದಿನಿಂದ ಬಲ ಬಂದಿತು. ೧೬೮೯ರ ಹಕ್ಕುಗಳ ಕಾಯಿದೆಯ ಮೇರೆಗೆ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವುದೂ ಶಾಂತಿಕಾಲದಲ್ಲಿ ಸೈನ್ಯವನ್ನಿಡುವುದೂ ನಿಷಿದ್ಧವಾದವು. ೧೭೨೧ರಿಂದ ರಾಬರ್ಟ್ ವಾಲ್ಪೋಲನು ಮುಖ್ಯ ಮಂತ್ರಿಯಾಗಿ ಕಾರಭಾರ ನಡೆಯಿಸಿ, ೧೭೪೨ರಲ್ಲಿ ಕಾಮನ್ಸ್ ಸಭೆಯಲ್ಲಿ ತನ್ನ ಬಹುಮತವು ಕುಸಿದುದನ್ನು ಕಂಡು, ದೊರೆಯ ಒಲವು ಇನ್ನೂ ಇದ್ದರೂ, ಪದವಿಯನ್ನು ಬಿಟ್ಟನು. ಅಂದು ಮಂತ್ರಿಯ ಜೀವನಾಡಿಯು ಅರಮನೆಯಿಂದ ಸಭೆಗೆ ಸರಿಯಿತು. ಆದರೆ ಆ ಸಭೆಯನ್ನು ಆರಿಸುವವರು ಇನ್ನೂ ಕೆಲವೇ ಜನರು. ೧೮೩೨, ೧೮೬೭, ೧೮೮೪ರ ಸುಧಾರಣೆಗಳಿಂದ ಮತದ ಹಕ್ಕು ಸ್ವಲ್ಪ ಸ್ವಲ್ಪವಾಗಿ ಹರಡಿ, ಹೆಂಗಸರಿಗೆ ಗಂಡಸರ ಸಮನಾಗಿ ದೊರೆತುದು ೧೯೨೮ರಲ್ಲಿ.

ಈಗ ನಮ್ಮ ಸೀಮೆಗೆ ಬರೋಣ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಜಿಲ್ಲೆಯ ಕಚೇರಿಯು ಮೊದಲು ಕಲಾದಗಿಯಲ್ಲಿದ್ದು, ೧೮೮೫ರಲ್ಲಿ ವಿಜಾಪುರಕ್ಕೆ ಹೋಯಿತು. ೧೮೬೧ರ ಕಾಯಿದೆಯಿಂದ ಮುಂಬಯಿಯಲ್ಲಿ ಕೌನ್ಸಿಲು ಏರ್ಪಟ್ಟಿತಾದರೂ ಅದರ ಸದಸ್ಯರನ್ನು ನೇಮಿಸುವವರು ಗವರ್ನರರೇ. ೧೮೯೨ರಲ್ಲಿ ಪ್ರಶ್ನೆ ಕೇಳುವ ಅವಕಾಶ ಬಂದಿತು. ೧೯೦೯ರಲ್ಲಿ ಚುನಾವಣೆಯ ತತ್ತ್ವವು ಬೆಳೆಯಿತು. ೧೯೧೯ರ ಕಾಯಿದೆಯು ಶಿಕ್ಷಣ, ಆರೋಗ್ಯ ಮೊದಲಾದ ಖಾತೆಗಳನ್ನು ಸಭೆಗೆ ಉತ್ತರಿಸುವ ಮಂತ್ರಿಗಳಿಗೆ ಕೊಟ್ಟು, ಹಣವನ್ನೂ ಪೋಲೀಸರನ್ನೂ ಗವರ್ನರರ ಕೈಯಲ್ಲಿಯೇ ಉಳಿಸಿತು. ಅಡಿಗೆಯು ಸೊಸೆಯದು, ಉಗ್ರಾಣದ ಕೀಲಿಕೈ ಅತ್ತೆಯದು ಎಂಬಂತಹ ಈ ದ್ವಿಮುಖ ಪದ್ಧತಿಯಲ್ಲಿ ಮನೆವಾರ್ತೆ ಸುಗಮವಾಗಿ ನಡೆಯುವುದಾದರೂ ಹೇಗೆ?

೧೯೩೫ರ ಕಾಯಿದೆಯ ಮೇರೆಗೆ ೧೯೩೭ರಲ್ಲಿ ಚುನಾವಣೆಯು ನಡೆದು, ಮುಂಬಯಿಯಲ್ಲಿ ೧೭೫ ಸದಸ್ಯರ ವಿಧಾನಸಭೆಯು ಕೂಡಿತು. ಬಾಳಾಸಾಹೇಬ ಖೇರರು ಪ್ರಧಾನರಾದರು. ಗಣೇಶ ವಾಸುದೇವ ಮಾವಳಂಕರರು ಸಭಾಧ್ಯಕ್ಷರಾದರು. ಇವರೇ ಮುಂದೆ ಸ್ವತಂತ್ರ ಭಾರತದ ಲೋಕಸಭೆಯ ಮೊದಲ ಅಧ್ಯಕ್ಷರು. ನಮ್ಮ ತಾಲೂಕುಗಳಿಗೆ ಸಭೆಗೆ ಹೊಣೆಯಾದ ಸರಕಾರದ ಮೊದಲ ಅನುಭವವು ಹೀಗೆ ಆಯಿತು. ಜನರನ್ನು ಕೇಳದೆಯೇ ಹಿಂದೂಸ್ಥಾನವನ್ನು ಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಆ ಮಂತ್ರಿಮಂಡಲವು ೧೯೩೯ರಲ್ಲಿ ರಾಜೀನಾಮೆ ಕೊಟ್ಟಿತು. ಆದರೆ ಆ ದಿನಗಳ ಮತದಾರನು ಆಸ್ತಿ, ತೆರಿಗೆ, ವಿದ್ಯೆ ಇವುಗಳಲ್ಲಿ ಒಂದನ್ನು ಪಡೆದವನಾಗಿರಬೇಕಿತ್ತು. ಕೂಲಿಯವನೂ, ಪರರ ಮಗ್ಗದಲ್ಲಿ ನೇಯುವವನೂ, ಹೆಚ್ಚಿನ ಹೆಂಗಸರೂ ಹೊರಗೇ ಉಳಿದರು. ಆಸ್ತಿಪಾಸ್ತಿಗಳನ್ನು ಕೇಳದೆ, ಗಂಡುಹೆಣ್ಣೆನ್ನದೆ, ವಯಸ್ಸಿಗೆ ಬಂದ ಎಲ್ಲರೂ ಮತದ ಪೆಟ್ಟಿಗೆಯ ಮುಂದೆ ಸರಿಸಮಾನರಾಗಿ ನಿಂತುದು ೧೯೫೧-೫೨ರ ಚುನಾವಣೆಯಲ್ಲಿ.

೧೯೫೬ನೆಯ ನವೆಂಬರ್ ೧ರಂದು ಮುಂಬಯಿ ರಾಜ್ಯದ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಕೂಡಿದವು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಆ ವರ್ಷದ ಡಿಸೆಂಬರಿನಲ್ಲಿ ವಿಧಾನಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಹುನಗುಂದದ ಪ್ರತಿನಿಧಿಗಳಾದ ಶ್ರೀ ಎಸ್. ಆರ್. ಕಂಠಿಯವರು. ಅಧ್ಯಕ್ಷನ ಕೆಲಸವು ಸುಲಭವಾದುದಲ್ಲ. ಅವನು ಬಹುಮತದಿಂದ ಆರಿಸಲ್ಪಡುತ್ತಾನೆ. ಆರಿಸಲ್ಪಟ್ಟ ಮೇಲೆ ಅಲ್ಪಮತದವರ ಮಾತಿಗೆ ಕಾವಲುಗಾರನಾಗಬೇಕಾಗುತ್ತದೆ. ಎರಡು ಕಡೆಯ ಮತಗಳು ಸರಿಸಮವಾದ ಹೊರತು ಅವನು ಮತ ಕೊಡತಕ್ಕದ್ದಲ್ಲ. ಪಂಚಾಯಿತಿಗೆ ಕುಳಿತ ಹಿರಿಯನು ತನ್ನ ಬೀಗರ ಕಡೆಗೆ ವಾಲಿದರೆ ಆ ನ್ಯಾಯವನ್ನು ಊರು ಒಪ್ಪುವುದೇ? ಕಂಠಿಯವರು ಐದು ವರ್ಷಗಳಿಗೂ ಮೇಲ್ಪಟ್ಟು, ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ರೂಢಿಗಳಲ್ಲಿ ಬೆಳೆದು ಬಂದ ಸದಸ್ಯರನ್ನು ಒಂದೇ ಸಭೆಯ ಶಿಸ್ತಿನಲ್ಲಿ ಕೂಡಿಸಿ ನಡೆಯಿಸಿದರು.

ಈ ನಡುವೆ ೧೯೫೮ರಲ್ಲಿ ತಮ್ಮ ಪಕ್ಷದ ಶಾಸಕರಲ್ಲಿಯೇ ಭಿನ್ನಮತವು ಬೆಳೆದುದರಿಂದ ನಿಜಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು. ನೆರೆಯ ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ಜಮಖಂಡಿ ಪುರಸಭೆಯಲ್ಲಿ ಸಾರ್ವಜನಿಕ ಜೀವನವನ್ನು ಆರಂಭಿಸಿದ ಇವರು ಮುಂದೆ ದೇಶದ ಉಪರಾಷ್ಟ್ರಪತಿಗಳಾಗಿ, ೧೯೭೭ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳಾದರು.

ನಾವು ಮುಖ್ಯವಾಗಿ ಹೇಳಬೇಕಾದುದು ೧೯೬೨ರ ಸಂಗತಿ. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ೨೦೮ರಲ್ಲಿ ೧೩೮ ಸ್ಥಾನಗಳು ಬಂದವು; ಆದರೆ ಅದರ ಹಿರಿಯ ನಾಯಕರಾದ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತರು. ಸೈನ್ಯವು ಗೆದ್ದಿತು, ಸೇನಾಪತಿಯು ಬಿದ್ದನು. ಆಗ ಮಾರ್ಚ್ ೧೪ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಶಾಸಕರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಅಲ್ಲಿಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆಯ್ಕೆಯಾಗಿ ಬಂದರು. ಜೂನ್ ೨೦ರಂದು ಕಂಠಿಯವರು ಅಧಿಕಾರವನ್ನು ಬಿಟ್ಟುಕೊಟ್ಟರು. ಅಷ್ಟೇ ಅಲ್ಲ, ತಾವು ಮುಖ್ಯಮಂತ್ರಿಗಳಾಗಿದ್ದ ರಾಜ್ಯದಲ್ಲಿಯೇ ನಿಜಲಿಂಗಪ್ಪನವರ ಕೈಕೆಳಗೆ ಶಿಕ್ಷಣಮಂತ್ರಿಗಳಾಗಿ ಕೆಲಸ ಮಾಡಿದರು.

ಇದನ್ನು ಕೇಳಿದವರಿಗೆ ರಾಮನ ಪಾದುಕೆಗಳನ್ನು ಗಾದಿಯ ಮೇಲಿರಿಸಿ ಕಾದ ಭರತನ ಕಥೆಯು ನೆನಪಾಗುವುದು ಸಹಜ. ಕೊಟ್ಟ ಮಾತಿಗೆ ತಪ್ಪದ ಕಂಠಿಯವರಿಗೆ ಆ ಗೌರವವು ಸಲ್ಲಬೇಕಾದುದೇ. ಆದರೆ ಹೋಲಿಕೆಯನ್ನು ಕೊನೆಯವರೆಗೆ ಎಳೆಯಬಾರದು. ಅಯೋಧ್ಯೆಯ ಗಾದಿಯು ಜ್ಯೇಷ್ಠಪುತ್ರನೆಂಬ ಕಾರಣದಿಂದ ರಾಮನದೇ ಆಗಿತ್ತು. ಭರತನು ಅದನ್ನು ಒಡೆಯನಿಗೆ ಮರಳಿಸಿದನು. ಬೆಂಗಳೂರಿನ ಗಾದಿಯು ಕಂಠಿಯವರದೂ ಆಗಿರಲಿಲ್ಲ, ನಿಜಲಿಂಗಪ್ಪನವರದೂ ಆಗಿರಲಿಲ್ಲ. ವನವಾಸದಿಂದ ಬಂದ ರಾಮನು ನೇರವಾಗಿ ಪಟ್ಟವೇರಿದನು. ಹೊಸದುರ್ಗದಲ್ಲಿ ಸೋತ ನಾಯಕರಾದರೋ ಬಾಗಲಕೋಟೆಯ ಮತದಾರರ ಬಾಗಿಲಿಗೆ ಬರಲೇಬೇಕಾಯಿತು. ಸಂವಿಧಾನದ ೧೬೪ನೆಯ ಅನುಚ್ಛೇದದ ಮೇರೆಗೆ, ಸದಸ್ಯನಲ್ಲದವನು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯನಾಗತಕ್ಕದ್ದು. ಇಲ್ಲವಾದರೆ ಪದವಿಯು ತಾನಾಗಿ ಹೋಗುತ್ತದೆ. ಎಷ್ಟೇ ದೊಡ್ಡ ನಾಯಕನಾದರೂ ವಿಧಾನಮಂಡಲದ ಸದಸ್ಯನಾಗದೆ ಬಹುಕಾಲ ರಾಜ್ಯವನ್ನಾಳಲಾರನು ಎಂಬುದೇ ಇದರ ತಾತ್ಪರ್ಯ.

ಇಲ್ಲಿ ಒಂದು ಆಕ್ಷೇಪಣೆಯೂ ಉಂಟು. ಜನರು ಒಬ್ಬನನ್ನು ಆರಿಸಿ ಮೂರು ತಿಂಗಳಾಗುವುದರೊಳಗೆ ಅವನು ಇನ್ನೊಬ್ಬನಿಗಾಗಿ ಸ್ಥಾನ ಬಿಟ್ಟರೆ, ಮತದಾರರ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಶಾಸಕನಿಗೆ ರಾಜೀನಾಮೆ ಕೊಡುವ ಹಕ್ಕು ಉಂಟು. ಕ್ಷೇತ್ರವನ್ನು ಉಡುಗೊರೆ ಕೊಡುವ ಹಕ್ಕು ಇಲ್ಲ. ಕೊಡುವವರು ಮತದಾರರೇ, ಅವರು ಬೇಡವೆಂದಿದ್ದರೆ ಅಂದಿನ ಏರ್ಪಾಡೆಲ್ಲವೂ ಮುರಿಯುತ್ತಿತ್ತು. ಬೇಡವೆನ್ನುವುದು ಬಾಗಲಕೋಟೆಗೆ ಅರಿಯದ ವಿದ್ಯೆಯೂ ಅಲ್ಲ. ೧೯೯೧ರ ಲೋಕಸಭಾ ಚುನಾವಣೆಯಲ್ಲಿ, ಹಿಂದೆ ಮುಖ್ಯಮಂತ್ರಿಗಳಾಗಿ ದೇಶದಲ್ಲೆಲ್ಲ ಹೆಸರಾಗಿದ್ದ ಶ್ರೀ ರಾಮಕೃಷ್ಣ ಹೆಗಡೆಯವರು ಇಲ್ಲಿ ನಿಂತಾಗ, ಜನರು ಅವರನ್ನು ಬಿಟ್ಟು ಶ್ರೀ ಸಿದ್ದು ನ್ಯಾಮಗೌಡರನ್ನು ಆರಿಸಿದರು. ರೈತರನ್ನು ಕೂಡಿಸಿ, ಅವರ ಹಣ ಮತ್ತು ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದವರು ಇವರು.

ಇನ್ನು ಈ ಯಂತ್ರದ ಕೆಲಸವನ್ನು ನೋಡೋಣ. ಇಳಕಲ್ಲಿನ ಸೀರೆಯನ್ನು ನಮ್ಮ ಮನೆಗಳ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಂಡಿ ಸಡಿಲಿದರೆ ಸೀರೆಯು ಒಡಲಾಗಿ ಸೆರಗಾಗಿ ಬೇರ್ಪಟ್ಟೀತು. ಪಾರ್ಲಿಮೆಂಟರಿ ಪದ್ಧತಿಯಲ್ಲಿ ಕಾಯಿದೆ ಮಾಡುವ ಸಭೆಯು ಒಡಲು, ಆಡಳಿತ ನಡೆಯಿಸುವ ಸರಕಾರವು ಸೆರಗು, ಮಂತ್ರಿಮಂಡಲವು ಕೊಂಡಿ. ಅಮೇರಿಕದಲ್ಲಿ ಅಧ್ಯಕ್ಷನು ಕಾಂಗ್ರೆಸ್ಸಿನ ಸದಸ್ಯನಲ್ಲ, ಅದರ ವಿಶ್ವಾಸ ತಪ್ಪಿತೆಂದು ಪದವಿಯನ್ನು ಬಿಡಬೇಕಾಗಿಯೂ ಇಲ್ಲ. ನಮ್ಮಲ್ಲಿಯಾದರೋ ಮಂತ್ರಿಗಳು ಸಭೆಯೊಳಗಿನವರೇ. ಸಭೆಗೆ ಒಟ್ಟಾಗಿ ಹೊಣೆಗಾರರು. ಒಬ್ಬ ಮಂತ್ರಿಯು ಸಂಪುಟದ ತೀರ್ಮಾನವನ್ನು ಒಪ್ಪದಿದ್ದರೆ ಹೊರಗೆ ಬರಬೇಕು; ಒಳಗಿದ್ದುಕೊಂಡು ಬೀದಿಯಲ್ಲಿ ಅಲ್ಲಗಳೆಯತಕ್ಕದ್ದಲ್ಲ. ೨೦೦೩ರ ತಿದ್ದುಪಡಿಯ ಮೇರೆಗೆ ಮಂತ್ರಿಗಳ ಸಂಖ್ಯೆಯು ಸಭೆಯ ನೂರಕ್ಕೆ ೧೫ನ್ನು ಮೀರಬಾರದು. ೨೨೪ ಸದಸ್ಯರ ನಮ್ಮ ಸಭೆಯಲ್ಲಿ ಮುಖ್ಯಮಂತ್ರಿಯೂ ಕೂಡಿ ಹೆಚ್ಚೆಂದರೆ ೩೪ ಜನರಿರುವುದು ರೂಢಿ.

ಸಭೆಯ ಕೈಯಲ್ಲಿರುವ ದೊಡ್ಡ ಆಯುಧವು ಹಣ. ಸರಕಾರದ ಬೊಕ್ಕಸದಿಂದ ಒಂದು ರೂಪಾಯಿ ತೆಗೆಯಬೇಕಾದರೂ ವಿಧಾನಸಭೆಯ ಮಂಜೂರಾತಿಯ ಕಾಯಿದೆ ಬೇಕು. ಹಣದ ಮಸೂದೆಯನ್ನು ಮೇಲ್ಮನೆಯಾದ ವಿಧಾನಪರಿಷತ್ತು ೧೪ ದಿನಗಳಿಗಿಂತ ಹೆಚ್ಚು ತಡೆಯಲಾರದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವು ಮುಳುಗಿ ನವನಗರವು ಎದ್ದಿತಷ್ಟೆ. ಅಜ್ಜನು ಕಟ್ಟಿದ ಮನೆಯನ್ನು ನೀರಿಗೆ ಬಿಟ್ಟು ಬಂದ ಕುಟುಂಬಕ್ಕೆ ಪರಿಹಾರದ ಹಣವು ಎಷ್ಟು, ಎಂದು, ಯಾವ ದರದಿಂದ ಎಂಬುದು ಜೀವನದ ಪ್ರಶ್ನೆ. ಆ ಹಣವೂ ಸಭೆಯು ಮಂಜೂರು ಮಾಡಿದ ಹಣವೇ. ಮಂಜೂರಾದುದು ಎಲ್ಲಿ ಹೋಯಿತೆಂದು ಪ್ರಶ್ನೋತ್ತರದ ವೇಳೆಯಲ್ಲಿ ಸದಸ್ಯನು ಕೇಳಬಹುದು. ಮಂತ್ರಿಯು ಎದ್ದು ನಿಂತು ಉತ್ತರ ಕೊಡಬೇಕು. ಖರ್ಚಾದ ಮೇಲೆ ಲೆಕ್ಕವನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಶೋಧಿಸುತ್ತದೆ. ಅದರ ಅಧ್ಯಕ್ಷತೆಯನ್ನು ವಿರೋಧಪಕ್ಷದವರಿಗೆ ಕೊಡುವುದು ರೂಢಿ. ಬೇಲಿಯೇ ಎದ್ದು ಹೊಲ ಮೇಯದಂತೆ ಮಾಡಿದ ಉಪಾಯಗಳಿವು.

ವಿರೋಧಪಕ್ಷವೆಂದರೆ ಕೆಲಸ ಕೆಡಿಸುವವರೆಂಬ ತಪ್ಪು ತಿಳುವಳಿಕೆಯು ಅನೇಕರಲ್ಲಿದೆ. ಸರಕಾರವನ್ನು ಜಾಗರದಲ್ಲಿಡುವುದೂ, ಅದು ಬಿದ್ದರೆ ಭಾರ ಹೊರಲು ಸಿದ್ಧವಾಗಿರುವುದೂ ಅದರ ಧರ್ಮ. ೨೦೧೮ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತ ಶ್ರೀ ಸಿದ್ದರಾಮಯ್ಯನವರನ್ನು ಬಾದಾಮಿಯು ೧,೬೯೬ ಮತಗಳ ಅಂತರದಿಂದ ಆರಿಸಿತು. ೨೦೧೯ರಿಂದ ೨೦೨೩ರವರೆಗೆ ಬಾದಾಮಿಯ ಪ್ರತಿನಿಧಿಯೇ ವಿರೋಧಪಕ್ಷದ ನಾಯಕರಾಗಿದ್ದರು. ಒಂದು ತಾಲೂಕಿನ ೧,೬೯೬ ಮತಗಳು ಇಡೀ ರಾಜ್ಯದ ಸಭೆಯ ರೂಪವನ್ನು ನಿರ್ಣಯಿಸಿದ ಮೇಲೆ, "ನನ್ನೊಂದು ಮತದಿಂದ ಏನಾದೀತು?" ಎನ್ನುವವರಿಗೆ ನಾವು ಬೇರೆ ಉತ್ತರ ಕೊಡಬೇಕಾದುದಿಲ್ಲ.

ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಎಲ್ಲಿ ನೋಡತಕ್ಕದ್ದು? ಇದಕ್ಕೂ ಕರ್ನಾಟಕದ ಒಂದು ಪ್ರಕರಣವೇ ದೇಶಕ್ಕೆ ದಾರಿ ತೋರಿಸಿತು. ೧೯೮೯ರ ಏಪ್ರಿಲಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು, ಸಭೆಯಲ್ಲಿ ಬಲವನ್ನು ತೋರಿಸಲು ಅವಕಾಶ ಕೊಡದೆ, ವಜಾ ಮಾಡಲಾಯಿತು. ೧೯೯೪ರ ಮಾರ್ಚ್ ೧೧ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತದ ಪರೀಕ್ಷೆಯು ರಾಜಭವನದಲ್ಲಿ ಅಲ್ಲ, ಸಭೆಯಲ್ಲಿಯೇ ಆಗಬೇಕೆಂದು ತೀರ್ಪು ಕೊಟ್ಟಿತು. ೨೦೧೯ರ ಜುಲೈ ೨೩ರಂದು ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ಸರಕಾರವು ೯೯ಕ್ಕೆ ೧೦೫ ಮತಗಳಿಂದ ಬಿದ್ದುದು ಸಭೆಯ ಮುಂದೆಯೇ. ಆದರೆ ಆ ಸೋಲಿಗೆ ಮೊದಲು ಶಾಸಕರ ರಾಜೀನಾಮೆಗಳೂ ಊರೂರಿನ ವಸತಿಗೃಹಗಳ ವಾಸವೂ ನಡೆದುದನ್ನು ಜನರು ಕಂಡಿದ್ದಾರೆ. ಪಕ್ಷಾಂತರವನ್ನು ತಡೆಯಲು ೧೯೮೫ರಲ್ಲಿ ಕಾಯಿದೆ ಬಂದಿತು. ಕಾಯಿದೆಗೆ ಸಿಗದಂತೆ ನುಣುಚಿಕೊಳ್ಳುವ ದಾರಿಗಳೂ ಅದರ ಬೆನ್ನಿಗೇ ಬಂದವು. ಆಚಾರವು ಸಡಿಲಿದಲ್ಲಿ ವ್ಯವಸ್ಥೆಯೊಂದೇ ಎಷ್ಟೆಂದು ಕಾಯಬಲ್ಲದು?

ಹಾಗಾದರೆ ಗೃಹಸ್ಥರ ಕರ್ತವ್ಯವೇನು? "ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ" ಎಂಬ ಗಾದೆಯು ಮತದ ವಿಷಯದಲ್ಲಿ ನಿಜವಾಗಬಾರದು. ನಮ್ಮ ಪ್ರತಿನಿಧಿಯು ಸಭೆಗೆ ಎಷ್ಟು ದಿನ ಹೋದನು, ನಮ್ಮ ನೀರು, ಶಾಲೆ, ನೇಕಾರಿಕೆ, ಪರಿಹಾರಗಳ ವಿಷಯದಲ್ಲಿ ಯಾವ ಪ್ರಶ್ನೆ ಕೇಳಿದನು, ಅಂದಾಜುಪತ್ರದ ಚರ್ಚೆಯಲ್ಲಿ ಬಾಯಿ ತೆರೆದನೋ ಇಲ್ಲವೋ ಎಂಬುದನ್ನು ವಿಚಾರಿಸಬೇಕು. ಸಭೆಯ ನಡವಳಿಗಳು ಗುಟ್ಟಿನವಲ್ಲ, ಅಚ್ಚಾಗುತ್ತವೆ; ಕೇಳಿ ಓದಬಹುದು. ಮದುವೆಗೆ ಬಂದು ಅಕ್ಷತೆ ಹಾಕಿ ಹೋದವನನ್ನು ಮೆಚ್ಚುವಷ್ಟೇ, ಸಭೆಯಲ್ಲಿ ಕುಳಿತು ಮಸೂದೆಯನ್ನು ಓದಿದವನನ್ನೂ ಮೆಚ್ಚುವುದನ್ನು ನಾವು ಕಲಿಯಬೇಕು. ಮನೆಯ ಮಕ್ಕಳಿಗೆ ಹದಿನೆಂಟು ತುಂಬಿದ ಕೂಡಲೇ ಮತದಾರರ ಯಾದಿಯಲ್ಲಿ ಹೆಸರು ಸೇರಿಸಿ, ಮನೆಯಲ್ಲಿ ಯಾರ ಮತ ಯಾರಿಗೆಂದು ಅಪ್ಪಣೆ ಮಾಡದೆ, ಏಕೆಂದು ಮಾತ್ರ ಮಾತನಾಡಿಕೊಳ್ಳುವುದೂ ಒಳ್ಳೆಯ ರೂಢಿ.

ಕಂಠಿಯವರು ಮೂರು ತಿಂಗಳು ಗಾದಿಯಲ್ಲಿ ಕುಳಿತು ಎದ್ದು ಹೋದರು. ಗಾದಿಯು ತಮ್ಮದೆಂದು ಅವರು ತಿಳಿದಿರಲಿಲ್ಲ. ಏರಿದವರೆಲ್ಲರೂ ಹಾಗೆ ತಿಳಿಯುವರೆಂಬ ಭರವಸೆಯಿಲ್ಲ. ಆದುದರಿಂದ ತಿಳಿಸಿ ಹೇಳುವ ಭಾರವು ನಮ್ಮದೇ. ಮುಂದಿನ ತಿಂಗಳು ಅಂದಾಜುಪತ್ರವನ್ನು ಓದುವ ಬಗೆಯನ್ನು ಕುರಿತು ಬರೆಯುವೆವು.